ಕೊನೆಯ ಹತ್ತು ನಿಮಿಷ

ತಪ್ಪನ್ನು ಕಂಡಲ್ಲಿಯೇ ಹೆಸರಿಟ್ಟು ಕರೆಯಬೇಕೆಂದು ನಮ್ಮ ಶಾಲೆಯಲ್ಲಿ ಕಲಿಸಿದ್ದರು. ಬೆತ್ತ, ರ‍್ಯಾಂಕು, ಸಮವಸ್ತ್ರ ಯಾವುದೂ ಇಲ್ಲದ ಪ್ರಗತಿಪರ ಶಾಲೆ ಅದು. ಅಲ್ಲಿ ಕಲಿತ ಬೀಜಗಣಿತ ಮರೆತುಹೋಗಿದೆ, ಈ ಪಾಠ ಮಾತ್ರ ಉಳಿದಿದೆ. ಇದರಿಂದ ಸಮಾಜಕ್ಕೆಷ್ಟು ಉಪಕಾರವಾಯಿತೋ ಹೇಳಲಾರೆ. ನನ್ನ ಪಕ್ಕ ಕುಳಿತು ಸಿನಿಮಾ ನೋಡುವವರಿಗೆ ಉಪದ್ರವವಾಗಿರುವುದು ನಿಜ.

ಹೆಂಡತಿ ಶೈಲಾಳ ಸಂಶೋಧನೆಗಾಗಿ ನಾವು ಸ್ವೀಡನ್ನಿನ ಲುಂಡ್‌ನಲ್ಲಿದ್ದ ವರ್ಷಗಳವು. ಇನ್ನೂ ಡಿವಿಡಿಯ ಕಾಲ. ಅವಳು ಸೈಕಲ್ ಏರಿ ಪ್ರಯೋಗಾಲಯಕ್ಕೆ ಹೋದರೆ ಮನೆವಾರ್ತೆ ನನ್ನದು. ಒಂದು ಶನಿವಾರ ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕಿ ಬಂದು, ಗ್ರಂಥಾಲಯದಿಂದ ತಂದಿದ್ದ ಹಳೆಯ ಯುರೋಪಿಯನ್ ಚಿತ್ರವೊಂದನ್ನು ಧೂಳು ಒರೆಸಿ ಹಾಕಿದೆ. ಕಪ್ಪುಬಿಳುಪಿನ ಚಿತ್ರ. ಪಿಯಾನೋ ಅಂಗಡಿಯೊಂದು ಸುಟ್ಟುಹೋಗಿದೆ, ಮಾಲೀಕ ದೂರು ಕೊಟ್ಟು ವಿಮೆ ಕೇಳಿದ್ದಾನೆ, ಮಳೆಯಂಗಿ ತೊಟ್ಟ ವಿಮಾ ತನಿಖೆಗಾರನೊಬ್ಬ ಮಾತಿಲ್ಲದೆ ಬೂದಿ ಕೆದಕುತ್ತಿದ್ದಾನೆ. ಎಲ್ಲರ ಕಣ್ಣು ಪರದೇಶದಿಂದ ಬಂದ ಕೆಲಸದಾಕೆಯ ಮೇಲೆ.

"ನೋಡಿದ್ಯಾ, ಮೊದಲ ಅನುಮಾನ ವಲಸೆ ಬಂದವಳ ಮೇಲೇ! ಇಷ್ಟು ಹೊತ್ತಾಯ್ತು, ಒಬ್ಬ ಗಂಡಸಾದ್ರೂ ಒಂದು ಕಪ್ ತೊಳೆದ್ನಾ?" ಎಂದೆ.

"ಕಪ್ ಆಮೇಲೆ ತೊಳೀತಾರೆ ಸುಮ್ನಿರೋ. ಬೆಂಕಿ ಹಚ್ಚಿದ್ದು ಯಾರು ಅಂತ ನೋಡೋಕೆ ಬಿಡು" ಎಂದಳು ಶೈಲಾ.

ತನಿಖೆಗಾರ ಬೂದಿಯಿಂದ ಏನನ್ನೋ ಎತ್ತಿಕೊಂಡ. ಮುಷ್ಟಿ ಮುಂದೆ ಚಾಚಿದ. ಚಿತ್ರ ಅಲ್ಲಿಯೇ ನಿಂತಿತು. ಇನ್ನು ಹತ್ತೇ ನಿಮಿಷ ಉಳಿದಿತ್ತು. ಡಿಸ್ಕನ್ನು ತೆಗೆದು ಹಾಕಿದೆ, ಹಾಕಿ ತೆಗೆದೆ. ಆ ಮುಷ್ಟಿ ಬಿಚ್ಚಲಿಲ್ಲ. ಊಟಕ್ಕೆ ಕುಳಿತಾಗಲೂ ಶೈಲಾ, "ಕೈಯಲ್ಲಿ ಏನಿತ್ತೋ?" ಎಂದು ಎರಡು ಸಲ ಕೇಳಿದಳು. ಊಟವಾದೊಡನೆ ನಾನು ಗ್ರಂಥಾಲಯಕ್ಕೆ ಮೂರು ಪುಟಗಳ ಪತ್ರ ಬರೆದೆ. ಹಿಂದೆ ಎರವಲು ಪಡೆದು ಡಿಸ್ಕನ್ನು ಗೀರಿದವರ ಬೇಜವಾಬ್ದಾರಿ, ಸಾರ್ವಜನಿಕ ಸ್ವತ್ತಿನ ಬಗೆಗಿನ ಅನಾದರ, ಪರಿಶೀಲಿಸದೆ ಕೊಡುವ ಆಡಳಿತ: ಒಂದನ್ನೂ ಬಿಡಲಿಲ್ಲ. ಸೋಮವಾರ ಡಿಸ್ಕಿನ ಜೊತೆಗೇ ಸಲ್ಲಿಸುವುದೆಂದು ತೀರ್ಮಾನಿಸಿದೆ.

ಭಾನುವಾರ ಕೆಳಮನೆಯ ಬರ್ಟಿಲ್ ಫೀಕಾಕ್ಕೆ, ಅಂದರೆ ಕಾಫಿ-ಹರಟೆಗೆ ಬಂದರು. ಎಂಬತ್ತು ದಾಟಿದವರನ್ನೂ ಅಲ್ಲಿ ಬರಿಯ ಹೆಸರಿನಿಂದ ಕರೆಯುತ್ತಾರೆ. ಸಿದ್ಧಾಂತವಾಗಿ ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನಾಲಗೆ ಒಪ್ಪದೆ "ಬರ್ಟಿಲ್ ಅವರೇ" ಎನ್ನುತ್ತದೆ. ಅವರು ನಿವೃತ್ತ ವಿಮಾ ತನಿಖೆಗಾರರು, ಈ ಚಿತ್ರವನ್ನು ಯೌವನದಲ್ಲಿ ನೋಡಿದವರು. ಆ ಮುಷ್ಟಿಯಲ್ಲಿ ಏನಿತ್ತೆಂದು ಕೇಳಿದೆ.

"ಹೇಳಿದರೆ ನಿಮ್ಮಿಂದ ಕದ್ದಹಾಗೆ. ಡಿಸ್ಕ್ ಕೊಡಿ" ಎಂದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡೇ, ನಾನು ಓದಿ ಹೇಳಿದ ಪತ್ರವನ್ನು ಪೂರ್ತಿ ಕೇಳಿಸಿಕೊಂಡರು, ಗಂಡಸರು ಕಪ್ ತೊಳೆಯದ ವಿಚಾರವನ್ನೂ ಸೇರಿಸಿ. ನಂತರ ಮೆಲ್ಲಗೆ ಕೇಳಿದರು: "ನಿಮ್ಮ ಮನೆಯಲ್ಲಿ ಹೇಗೆ?"

ಇಂಥ ಪ್ರಶ್ನೆಗಾಗಿ ನಾನು ವರ್ಷಗಳಿಂದ ಕಾದಿದ್ದೆ. "ಒಗ್ಗರಣೆಯಿಂದ ಪಾತ್ರೆಯವರೆಗೆ ಎಲ್ಲವೂ ನಾನೇ. ಶೈಲಾ ಅಡುಗೆಮನೆಗೆ ಕಾಲಿಡುವುದೇ ಇಲ್ಲ."

"ಇದು ಗೀರಲ್ಲ" ಎಂದರು ಬರ್ಟಿಲ್. "ಎಣ್ಣೆ. ಹಳದಿ ಎಣ್ಣೆ."

ಶೈಲಾ ಇಣುಕಿದಳು. "ಅರಿಶಿನ! ಧೂಳು ಯಾವುದ್ರಲ್ಲಿ ಒರೆಸ್ದೆ? ಮಸಿಬಟ್ಟೇಲಾ?"

ಅಡುಗೆ ಮಾಡಿದ್ದು ಶೈಲಾ ಎಂದರೆ ನನ್ನ ಸಮಾನತೆ ಸುಳ್ಳು, ನಾನು ಎಂದರೆ ನನ್ನ ಪತ್ರ ಸುಳ್ಳು. ಪತ್ರವನ್ನು ಕಪ್ಪಿನ ಕೆಳಗೆ ತಳ್ಳಿದೆ.

ಬರ್ಟಿಲ್ ಡಿಸ್ಕನ್ನು ಸೋಪುನೀರಿನಲ್ಲಿ ತೊಳೆದು ಒರೆಸಿದರು; ಜೊತೆಗೆ, ಕೇಳದಿದ್ದರೂ, ಮೂರು ಕಪ್ಪುಗಳನ್ನೂ. ಡಿಸ್ಕ್ ಮತ್ತೆ ಹಾಕಿದಾಗ ಮುಷ್ಟಿ ಬಿಚ್ಚಿತು: ಒಳಗೆ ಮಾಲೀಕನದೇ ಸಿಗರೇಟ್ ಲೈಟರ್.

"ದೂರು ಕೊಟ್ಟವ್ನೇ ಕಣೋ!" ಎಂದಳು ಶೈಲಾ. ಬರ್ಟಿಲ್ ನನ್ನನ್ನೊಮ್ಮೆ ನೋಡಿದರು.

ಕೆಲಸದಾಕೆ ನಿರಪರಾಧಿ ಎಂದು ನಾನು ಮೊದಲೇ ಹೇಳಿದ್ದೆ. ಆದರೆ ಅದನ್ನು ನೆನಪಿಸಲು ಅದು ತಕ್ಕ ಸಮಯವಾಗಿರಲಿಲ್ಲ. ಪತ್ರ ವ್ಯರ್ಥವಾಗಲಿಲ್ಲ. ಹುಳಿ ಮಾಡುವ ಬಗೆ ಬೇಕೆಂದು ಬರ್ಟಿಲ್ ಕೇಳಿದ್ದರಿಂದ ಅದರ ಬೆನ್ನಮೇಲೆಯೇ ಬರೆದುಕೊಟ್ಟೆ. ಕೊನೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಿದೆ: ಅರಿಶಿನ ಮುಟ್ಟಿದ ಮೇಲೆ, ಕೈ ತೊಳೆಯುವವರೆಗೂ ಯಾರ ಕಡೆಗೂ ಬೆರಳು ತೋರಿಸಕೂಡದು.