ಕೆನಾಲ್ ದಂಡೆಯ ಪ್ರೇಮಕ್ಕೆ ಬಂದ ಅನುಮಾನಗಳು

ಬರೆದವನ ಕಥೆ ಒಂದೇ ಇದ್ದರೂ ಓದಿದವರ ಅನುಮಾನ ತಲೆಗೊಂದು. ನನ್ನ ನೌಕರಿಯುದ್ದಕ್ಕೂ ಇದೇ ನಡೆಯಿತು.

ಶಹಾಪುರದ ಸುತ್ತ ಹೊಸದಾಗಿ ಕೆನಾಲ್ ನೀರು ಬಂದ ಕಾಲ. ನಾನು ಕೆನಾಲ್ ಆಫೀಸಿನಲ್ಲಿ ಗುಮಾಸ್ತ. ರಜೆ ಬಂದರೆ, ಹೆಣ್ಣಿನ ಹೆಸರಿಟ್ಟುಕೊಂಡು ಒಂದು ಮಾಸಪತ್ರಿಕೆಗೆ ಶೃಂಗಾರ ಕಥೆ ಬರೆಯುತ್ತಿದ್ದೆ. ಜನ ಅದನ್ನು ಪಂಚಾಂಗದೊಳಗಿಟ್ಟು ಓದುತ್ತಿದ್ದರು. ಒಮ್ಮೆ, ಆಫ್ರಿಕಾದಿಂದ ಬಂದ ಇಂಜಿನಿಯರನಿಗೂ ಕೆನಾಲ್ ದಂಡೆಗೆ ಹೊಲವಿದ್ದ ಮೂವತ್ತೈದರ ವಿಧವೆಗೂ ಪ್ರೀತಿ ಹುಟ್ಟಿಸಿದೆ. ಬರೆದವನು ನಾನೆಂದು ಗೊತ್ತಾದರೆ ನೌಕರಿ ಹೋಗಬಹುದು, ಮನೆಯಲ್ಲಿ ಹೆಂಡತಿಯಂತೂ ಬಿಡುವುದಿಲ್ಲ. ಹೆದರುತ್ತಲೇ ಟಪಾಲಿಗೆ ಹಾಕಿದ್ದೆ.

ಮಠ ಯಾವುದು?

ಶಹಾಪುರದ ಕ್ಷೌರದಂಗಡಿಯಲ್ಲಿ ಕಟಿಂಗ್ ಮಾಡುವವನು ನನ್ನ ಕಥೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಮುಖಕ್ಕೆ ಸಾಬೂನು ಹಚ್ಚಿಸಿಕೊಂಡ ಹತ್ತಿ ವ್ಯಾಪಾರಿಯೊಬ್ಬರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಅಷ್ಟು ಕರಿ ಮನಷ್ಯಾನ್ನ ಹೆಂಗ ಮೆಚ್ಚಿದಳ್ರಿ ಆಕಿ?" ಎಂದ ಅವನು.

"ನಮ್ಮ ಬಿಸಲಾಗ ದುಡಿಯೋ ಮಂದಿ ಏನ್ ಹಾಲಿನಂಗ ಬೆಳ್ಳಗ ಅದಾರೇನು? ನಿನ್ನ ಕನ್ನಡಿ ನೀನ ನೋಡ್ಕೋ!" ಎಂದರು ವ್ಯಾಪಾರಿ.

ಬೆಂಚಿನ ಮೇಲೆ ಕೂತಿದ್ದ ನನಗೆ ಎದೆ ಉಬ್ಬಿತು. ಇಂಥ ಓದುಗರು ಸಿಗಬೇಕೆಂದರೆ ಪುಣ್ಯ ಬೇಕು. ಅಷ್ಟರಲ್ಲಿ ಅವರು ಒಂದು ಕಣ್ಣು ತೆರೆದರು.

"ಬಣ್ಣದ್ದು ಬಿಡು. ಬರದಾಕಿ ಮುಖ್ಯ ಮಾತ ಮುಚ್ಚಿಟ್ಟಾಳ. ಅವನ ಮಠ ಯಾವ್ದು?"

ತಡೆಯಲಾರದೆ ನಾನೆಂದೆ, "ಆಫ್ರಿಕಾದವ್ರಿಗೆ ಮಠ ಎಲ್ಲಿರ್ತದ್ರಿ?"

"ಹಂಗಾದ್ರ ನನ್ನ ಅನುಮಾನ ಖರೆ ಆತು. ಮಠಾನೇ ಇಲ್ಲದವ ನಾಳೆ ಕೈಕೊಟ್ಟು ಹೋದ್ರ, ಆಕಿ ಯಾವ ಸ್ವಾಮಿಗೋಳ ಮುಂದ ಹೋಗಿ ಹೇಳಬೇಕ್ರಿ?"

ಗೇಟ್ ಎತ್ತಿದವರು

ದೋರನಹಳ್ಳಿಯ ರೈತರೊಬ್ಬರು ಒಂದಿನ ಆಫೀಸಿಗೆ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಪತ್ರಿಕೆಯನ್ನು ಸಾಹೇಬರ ಟೇಬಲ್ ಮೇಲೆ ಬಡಿದರು. ನಾನು ಫೈಲಿನೊಳಗೆ ಮುಖ ಹುದುಗಿಸಿದೆ. ಸಾಹೇಬರು ಒಂದು ಪುಟ ಓದಿ ಕೆಮ್ಮಿದರು.

"ಇದು ಕತಿ ಅದಲ್ಲಪ್ಪಾ. ಗಂಡು-ಹೆಣ್ಣಿಂದು."

"ಅವ್ರು ಏನರೆ ಮಾಡ್ಕೊಳ್ಳಿ, ನಮಗೇನ್ರಿ? ಅವ್ರು ಅಪ್ಪಿಕೊಂಡು ನಿಂತಾಗ ಆಕಿ ಹೊಲಕ್ಕ ನೀರು ಹರೀತಿತ್ತಂತ ಬರದದ. ನಮ್ಮದು ಕೆನಾಲಿನ ಕಡೀ ಹೊಲ, ತಿಂಗಳಾತು ಹನಿ ನೀರ ಕಂಡಿಲ್ಲ. ಆವತ್ತು ಪಾಳಿ ಯಾರದಿತ್ತು? ಗೇಟ್ ಎತ್ತಿದವರು ಯಾರು? ಅದನ್ನ ಹೇಳ್ರಿ!"

ಸಾಹೇಬರು ನನ್ನ ಕಡೆ ತಿರುಗಿ, "ತಕರಾರು ಬರ್ಕೋರಿ" ಎಂದರು. ನನ್ನ ಕಥೆಯ ಮೇಲಿನ ತಕರಾರನ್ನು ನಾನೇ ದುಂಡಗಿನ ಅಕ್ಷರದಲ್ಲಿ ಬರೆದೆ. ಪತ್ರಿಕೆಯನ್ನು ಸಾಹೇಬರು ಪುರಾವೆ ಎಂದು ಡ್ರಾದೊಳಗಿಟ್ಟು ಕೀಲಿ ಹಾಕಿದರು. ಆಮೇಲೆ ದಿನವೂ ಊಟದ ಬಿಡುವಿನಲ್ಲಿ, ಬಾಗಿಲು ಹಾಕಿಕೊಂಡು, ಪುರಾವೆ ತಪಾಸಣೆ ನಡೆಯುತ್ತಿತ್ತು.

ಸುರಪುರದ ಪತ್ರ

ಸುರಪುರದ ನಿವೃತ್ತ ಮಾಸ್ತರರೊಬ್ಬರು ಸಂಪಾದಕರಿಗೆ ಬರೆದ ಪತ್ರ ಅವರ ಮೂಲಕ ನನ್ನ ಕೈ ಸೇರಿತು. "ಇಂಥ ಹೊಲಸನ್ನು ನಾನು ಓದುವವನಲ್ಲ. ಹದಿನಾಲ್ಕನೇ ಪುಟದಲ್ಲಿ ಆಕೆಯ ಕುಪ್ಪಸ ಹಸಿರು, ಹದಿನೈದರಲ್ಲಿ ಕೆಂಪು. ನಡುವೆ ನಡೆದದ್ದನ್ನು ಚಂದಾದಾರರಿಂದ ಮುಚ್ಚಿಟ್ಟಿದ್ದೀರೆಂಬ ಬಲವಾದ ಅನುಮಾನವಿದೆ. ಕೂಡಲೇ ಕಳಿಸಿಕೊಡತಕ್ಕದ್ದು."

ರೊಟ್ಟಿಯ ಸಾಕ್ಷಿ

ಒಂದು ಸಂಜೆ ಮನೆಗೆ ಬಂದರೆ ಹೆಂಡತಿ ಒಲೆಯ ಮುಂದೆ ಕೂತಿದ್ದಳು. ಮಗ್ಗುಲಲ್ಲಿ ನನ್ನ ಟ್ರಂಕಿನಲ್ಲಿದ್ದ ಪತ್ರಿಕೆ, ಅದರ ಮೇಲೆ ಸಂಪಾದಕರು ನನ್ನ ಹೆಣ್ಣು ಹೆಸರಿಗೆ ಬರೆದ ಕಾಗದ. "ಪ್ರೀತಿಯ ಸಹೋದರಿ" ಎಂದು ಶುರುವಾಗುವ ಕಾಗದ.

"ಯಾರಾಕಿ?" ಎಂದಳು.

"ಯಾರು?"

"ಈ ಕತಿ ಬರದಾಕಿ. ಆಕಿಗೆ ಬಂದ ಕಾಗದ ನಿಮ್ಮ ಟ್ರಂಕಿನಾಗ ಯಾಕದ?" ಅವಳ ಕಣ್ಣಲ್ಲಿ ನೀರಿತ್ತು. ಹೊಗೆಗೆ ಬಂದ ನೀರಲ್ಲ.

ಮುಚ್ಚಿಟ್ಟರೆ ಸಂಸಾರವೇ ಮುರಿಯುವ ಹಾಗೆ ಕಂಡಿತು. "ಆಕಿ ನಾನ" ಎಂದುಬಿಟ್ಟೆ.

"ಸುಳ್ಳು! ಕತಿ ಪೂರಾ ಓದೀನಿ. ಆಕಿ ಕೈ ಸುಟ್ಟದ್ದು ನೋಡಿ ಆ ಇಂಜಿನಿಯರ್ ತಾನ ರೊಟ್ಟಿ ಬಡೀತಾನ. ಇದು ಹೆಂಗಸಿಗೇ ತಿಳಿಯೋ ಮಾತು. ನಿಮಗ ಹಿಟ್ಟಿನ ಡಬ್ಬಿ ಎಲ್ಲದ ಗೊತ್ತದೇನು?"

ಗೊತ್ತಿರಲಿಲ್ಲ.

"ಬರದಾವ್ರು ನೀವ ಆದ್ರ ಬರ್ರಿ, ಕೂಡ್ರಿ. ಬಡೀರಿ."

ಕೂತೆ. ಕಥೆಯಲ್ಲಿ ರೊಟ್ಟಿ ಬಡಿಯುವುದಕ್ಕೆ ಎರಡೇ ಸಾಲು ಹಿಡಿದಿತ್ತು. ಇಲ್ಲಿ ಹಿಟ್ಟು ಕೈಗೆ ಮೆತ್ತಿತು, ರೊಟ್ಟಿ ನಾಲ್ಕು ಕಡೆ ಹರಿಯಿತು. ಹೆಂಚಿಗೆ ಹಾಕುವಾಗ ಅರ್ಧ ಒಲೆಯೊಳಗೆ ಬಿತ್ತು. ಅವಳು ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಗೋಡೆಗೆ ಒರಗಿ ನಕ್ಕಳು.

"ಸಾಕ್ರಿ, ಏಳ್ರಿ. ಎರಡೇ ಸಾಲಿನಾಗ ರೊಟ್ಟಿ ಬಡದು ಮುಗಿಸಿದಾಕಿ ಹೆಂಗಸಲ್ಲ. ಬರದಾವ್ರು ನೀವ, ಖಾತ್ರಿ ಆತು."

"ಅನುಮಾನ ಹೋತೇನು?"

"ಪೂರಾ ಹೋತು. ರೊಟ್ಟಿ ಬಡಿಯೋದನ್ನ ಹೆಂಗ ಬರೇ ಕೇಳಿ ಬರದೀರೋ, ಆ ಪ್ರೀತೀನೂ ಹಂಗ ಬರೇ ಕೇಳಿ ಬರದೀರಿ!"