ಹೊಗೆಯೊಳಗೆ ನನ್ನ ಎರಡು ನಿಮಿಷ

ಸಂಗೀತವನ್ನು ಕಣ್ಣಿನಿಂದ ಕೇಳುವವರನ್ನು ಕಂಡರೆ ನನಗೆ ಬಹಳ ವರ್ಷ ಸಿಟ್ಟಿತ್ತು. ನಾನು ಆಧಾರವಿಲ್ಲದೆ ಸಿಟ್ಟಾಗುವವನಲ್ಲ. ಪುಣೆಗೆ ಬಂದ ಮೇಲೆ ನೋಡಿದ ಹದಿನೇಳು ರಾಕ್ ಕಾರ್ಯಕ್ರಮಗಳ ವಿವರ ನನ್ನ ಡೈರಿಗಳಲ್ಲಿ ದಿನಾಂಕಸಹಿತ ಇದೆ. ಪ್ರತಿಯೊಂದಕ್ಕೂ ಮೂರು ಕಾಲಂ: ಹಾಡಿದ್ದು ಎಷ್ಟು ನಿಮಿಷ, ಹೊಗೆ ಬಿಟ್ಟಿದ್ದು ಎಷ್ಟು ಸಲ, ಗಾಯಕ ಅಂಗಿ ಬಿಚ್ಚಿದ್ದು ಎಷ್ಟನೆಯ ಹಾಡಿಗೆ. ಒಂದು ಕಾಲೇಜು ಮೈದಾನದಲ್ಲಿ ಗಾಯಕ ಕ್ರೇನಿನಲ್ಲಿ ಜೋತುಬಿದ್ದು ಆಕಾಶದಿಂದ ಇಳಿಯಲು ಆರು ನಿಮಿಷ ತೆಗೆದುಕೊಂಡ. ಇಳಿದ ಮೇಲೆ ಹಾಡಿದ್ದು ನಾಲ್ಕು ನಿಮಿಷ. ಪಕ್ಕದಲ್ಲಿ ಕುಣಿಯುತ್ತಿದ್ದ ಹುಡುಗಿಯನ್ನು, ಹಾಡು ಹೇಗಿತ್ತು ಎಂದು ಮರಾಠಿಯಲ್ಲಿ ಕೇಳಿದೆ. ಅವಳು ಕುಣಿತ ನಿಲ್ಲಿಸದೆ, "ಕುಠಲಂ ಗಾಣಂ?" ಎಂದಳು. ಯಾವ ಹಾಡು ಎಂದು ನನ್ನನ್ನೇ ಕೇಳುತ್ತಾಳೆ! ಆ ರಾತ್ರಿಯ ಡೈರಿಯಲ್ಲಿ ಆಕೆಯ ಮಾತಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೇನೆ.

ಇಂಥ ನಾನು 1999ರಲ್ಲಿ ಸ್ವತಃ ಒಂದು ಬ್ಯಾಂಡಿಗೆ ಸೇರಿದೆ. ನಾವು ಮೂವರೂ ಒಂದೇ ಆಫೀಸಿನವರು. ಹಾಡು ಮತ್ತು ಗಿಟಾರಿಗೆ ಬೆಂಗಳೂರಿನ ಪ್ರಮೋದ, ಡ್ರಮ್ಮಿಗೆ ಪುಣೆಯವನೇ ಆದ ಸಮೀರ, ಕೀಬೋರ್ಡಿಗೆ ನಾನು. ಮನೆಯಲ್ಲಿ ಕೀಬೋರ್ಡು ನುಡಿಸಿದರೆ ಕೆಳಗಿನ ಮಹಡಿಯವರು ಪೊರಕೆಯ ಹಿಡಿಯಿಂದ ತಮ್ಮ ಸೂರಿಗೆ ಗುದ್ದುತ್ತಿದ್ದರು. ಹೀಗಾಗಿ ನನ್ನ ಅಭ್ಯಾಸವೆಲ್ಲ ಹೆಡ್‌ಫೋನಿನಲ್ಲಿ. ನಾಲ್ಕು ತಿಂಗಳಲ್ಲಿ ನೂರಾ ಹನ್ನೊಂದು ತಾಸು ಅಭ್ಯಾಸ ಮಾಡಿದೆ, ಅವ್ವನಿಗೆ ಮಾತ್ರ ಒಂದು ಸ್ವರವೂ ಕೇಳಿಸಲಿಲ್ಲ. "ಏನ್ ಟೈಪಿಂಗ್ ಪರೀಕ್ಷಾ ಅದನೋ ನಿಂದು? ದಿನಾ ಟಕಟಕ ಒಂದಽ ಕೇಳ್ತದ. ಒಮ್ಮೆರೆ ಹಾಡು ಕೇಳಸೋ," ಎಂದು ಅವಳು ಬೇಡಿಕೊಳ್ಳುವ ಹೊತ್ತಿಗೆ ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವದಲ್ಲಿ ಮೂರು ಹಾಡುಗಳ ಅವಕಾಶ ಸಿಕ್ಕಿತು. ಮೂರನೆಯ ಹಾಡಿನ ನಡುವೆ ಎರಡು ನಿಮಿಷ ಡ್ರಮ್ಮಿನ ಮೆಲುತಾಳಕ್ಕೆ ಕೀಬೋರ್ಡು ಒಂದೇ ನುಡಿಯಬೇಕು. ಅವ್ವನಿಗಾಗಿ ಅದನ್ನು ನಾನೇ ಕೇಳಿ ಪಡೆದಿದ್ದೆ.

ಆದರೆ ಪ್ರಮೋದನಿಗೆ ಹೊಗೆಯ ಹುಚ್ಚು. ಹೊಗೆ ಮಷೀನು, ತಿರುಗುವ ದೀಪ ಎಲ್ಲ ಬೇಕೆಂದ. ನಾನು ಡೈರಿ ಬಿಚ್ಚಿ ಹದಿನೇಳೂ ಕಾರ್ಯಕ್ರಮಗಳನ್ನು ಓದಿ ಹೇಳಿದೆ. ಒಂಬತ್ತನೆಯದಕ್ಕೆ ಸಮೀರ ನಿದ್ದೆ ಹೋಗಿದ್ದ. "ಲೋ, ಕೇಳೋಕೆ ಮನೇಲಿ ಟೇಪ್ ರೆಕಾರ್ಡರ್ ಇದೆ ಕಣೋ. ಜನ ಇಲ್ಲಿಗೆ ಬರೋದು ನೋಡೋಕೆ," ಎಂದ ಪ್ರಮೋದ. ತೀರ್ಪಿಗಾಗಿ ಬಳಗದ ರಂಗಸಜ್ಜಿಕೆಯ ಹೊಣೆ ಹೊತ್ತ ಗುರುನಾಥ ಕಾಕಾ ಬಳಿ ಹೋದೆವು. ಹೋದದ್ದೇ ತಪ್ಪಾಯಿತು. ಕಾಕಾ ವಿಮಾ ಕಚೇರಿಯಲ್ಲಿ ಗುಮಾಸ್ತರಾದರೂ ಹರೆಯದಲ್ಲಿ ಗದಗಿನ ಕಡೆಯ ನಾಟಕ ಕಂಪನಿಗಳ ಡೇರೆಯಲ್ಲೇ ಬೆಳೆದವರು. "ಹೊಗಿ ಇಲ್ಲದಽ ಬಂದ ದೇವರಿಗೆ ನಮ್ಮ ಕಡೆ ಯಾರೂ ಕೈ ಮುಗೀತಿದ್ದಿಲ್ಲಪಾ. ಏನ್ ಹುಳುಕು ಮುಖದ ನಟ ಇದ್ರೂ ಹೊಗಿಯೊಳಗಿಂದ ಬಂದ ಅಂದ್ರ ಸಾಕ್ಷಾತ್ ಶಿವ!" ಎಂದರು. ಅಷ್ಟೇ ಅಲ್ಲ, ಮಷೀನನ್ನು ತಾವೇ ನಡೆಸುವುದಾಗಿ ಹೇಳಿ ಅಂದೇ ಅಂಗಿಯ ತೋಳು ಮಡಿಚಿದರು. ನನ್ನ ಎರಡು ನಿಮಿಷ ಮುಟ್ಟುವುದಿಲ್ಲ ಎಂಬ ಮಾತು ಪಡೆದು ನಾನು ಒಪ್ಪಿದೆ.

ಶನಿವಾರ ಸಂಜೆ ಆರೂಕಾಲು. ಮುಂದಿನ ಸಾಲಿನಲ್ಲಿ ಅವ್ವ ಇಳಕಲ್ ಸೀರೆಯುಟ್ಟು ಕುಳಿತಿದ್ದಳು. ಹಿಂದೊಮ್ಮೆ ಫ್ಯೂಸ್ ಹೋಗಿದ್ದರಿಂದ ಆ ಸಭಾಗೃಹದಲ್ಲಿ ವೇದಿಕೆಗೆ ಒಂದೇ ಪ್ಲಗ್ ಬೋರ್ಡು ಕೊಡುವ ಕಟ್ಟುಪಾಡು. ಅದರಲ್ಲಿ ಮೂರೇ ತೂತು. ಎರಡು ಹಾಡು ಸುಸೂತ್ರವಾಗಿ ಮುಗಿದವು. ಮೂರನೆಯದು ಆರಂಭವಾಗುತ್ತಲೇ ಕಾಕಾ ಹೊಗೆ ಬಿಟ್ಟರು. ಬಿಟ್ಟರು ಎನ್ನುವುದಕ್ಕಿಂತ ಸೇಡು ತೀರಿಸಿಕೊಂಡರು ಎನ್ನಬೇಕು. ನನಗೆ ನನ್ನ ಮೊಣಕೈ ಕಾಣುತ್ತಿರಲಿಲ್ಲ. ಪ್ರಮೋದ ಕೆಮ್ಮುತ್ತಲೇ ಹಾಡಿದ. ಜನ ಅದನ್ನೂ ರಾಕ್ ಶೈಲಿಯೆಂದೇ ತಿಳಿದು ಸಿಳ್ಳೆ ಹಾಕಿದರು. ಡ್ರಮ್ಮಿನ ಪಕ್ಕದಲ್ಲೇ ನಿಂತ ನನಗೆ ಬೇರೇನೂ ಕೇಳುತ್ತಿರಲಿಲ್ಲ. ಗಿಟಾರು ನಿಂತು ನನ್ನ ಎರಡು ನಿಮಿಷ ಬಂತು. ಬೆರಳು ಒತ್ತಿದೆ. ಡ್ರಮ್ಮಿನ ಮೆಲುತಾಳ ಬಿಟ್ಟರೆ ಸದ್ದೇ ಇಲ್ಲ. ಇನ್ನೂ ಜೋರಾಗಿ ಒತ್ತಿದೆ. ಇಲ್ಲ! ಬಗ್ಗಿ ನೋಡಿದರೆ ಕೀಬೋರ್ಡಿನ ಪುಟ್ಟ ಕೆಂಪು ದೀಪ ಆರಿತ್ತು.

ನಿಲ್ಲಿಸಬಹುದಿತ್ತು. ಅಷ್ಟರಲ್ಲಿ ಹೊಗೆ ಒಂದು ಕಡೆ ಸರಿದು, ಎರಡೂ ಅಂಗೈ ಗಲ್ಲಕ್ಕೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದ ಅವ್ವ ಕಂಡಳು. ನಾನು ನುಡಿಸಿದೆ. ಹಾಗೆಂದರೆ, ಕುಣಿದೆ. ತಲೆ ಕೊಡವಿದೆ, ಒಂದು ಕಾಲೆತ್ತಿದೆ, ಮೊಣಕೈಯಿಂದ ಒತ್ತಿದೆ, ಕಡೆಗೆ ಬೆನ್ನು ತಿರುಗಿಸಿ ಹಿಂಗೈಯಲ್ಲಿ ಬಾರಿಸಿದೆ. ನೂರಾ ಹನ್ನೊಂದು ತಾಸಿನ ಅಭ್ಯಾಸದಲ್ಲಿ ಇದ್ಯಾವುದೂ ಇರಲಿಲ್ಲ. ಕಾಕಾ ಹುರುಪಿನಿಂದ ಕೆಂಪು, ನೀಲಿ ದೀಪ ನನ್ನ ಮೇಲೇ ತಿರುಗಿಸಿದರು. ಸಭೆ ಎದ್ದು ನಿಂತಿತು.

ಪರದೆಯ ಹಿಂದೆ ಸಮೀರ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ, "ಝಕಾಸ್ ರೇ!" ಎಂದ. ತನ್ನದೇ ಡ್ರಮ್ಮಿನಿಂದ ಅವನಿಗೆ ಇನ್ನೂ ಕಿವಿ ಕೇಳುತ್ತಿರಲಿಲ್ಲ. ಕಾಕಾ ಬೆವರೊರೆಸಿಕೊಳ್ಳುತ್ತ, "ಮಷೀನಿಗೆ ಪ್ಲಗ್ ಸಾಲಲಿಲ್ಲ ನೋಡು. ಯಾವುದೋ ಒಂದು ವಾಯರ್ ಕಿತ್ತಿ ಹಚ್ಚಿದೆ. ಒಂದು ಲೈಟ್ ಕಡಿಮಿ ಆದ್ರ ಯಾರಿಗೆ ಗೊತ್ತಾಗ್ತದ?" ಎಂದರು. "ಯಾರಿಗೂ ಗೊತ್ತಾಗಲಿಲ್ಲ ಕಾಕಾ," ಎಂದೆ. ಅಷ್ಟರಲ್ಲಿ ಅವ್ವ ಬಂದು ನನ್ನ ಕೆನ್ನೆಗೆ ಕೈ ಸವರಿ ನೆಟಿಗೆ ಮುರಿದಳು. "ಉಳಿದವ್ರದು ಬರೇ ಗದ್ದಲ ಆತು. ನೀ ಬಾರಿಸಿದ್ದು ಮಾತ್ರ ಕಿವಿಗೆ ಭಾಳ ತಂಪನಿಸ್ತು ನೋಡಪಾ!"

ತಂಪನಿಸದೆ ಏನು? ಇಡೀ ಸಂಜೆಯಲ್ಲಿ ಗದ್ದಲವಿಲ್ಲದೆ ಕಳೆದ ಎರಡು ನಿಮಿಷ ಅದೊಂದೇ. ಅವ್ವನಿಗೆ ನಿಜ ಹೇಳಲು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕೂ ಸಲ ಅವಳು ನೆರೆಯವರಿಗೆ ನನ್ನ ಕೈಚಳಕ ವರ್ಣಿಸುತ್ತಿದ್ದಳು. ಮುಂದಿನ ತಿಂಗಳು ಮತ್ತೊಂದು ಕಾರ್ಯಕ್ರಮ ಸಿಕ್ಕಿತು. ಪ್ರಮೋದ ಉದಾರವಾಗಿ, "ನೀನು ಹೇಳಿದ್ದೇ ಸರಿ ಕಣೋ. ಈ ಸಲ ಹೊಗೆ ಬೇಡ, ಬರೀ ಸಂಗೀತ. ನಿಂಗೆ ಐದು ನಿಮಿಷ," ಎಂದ. ಅವ್ವ ಇಡೀ ಕಟ್ಟಡದವರನ್ನು ಆಗಲೇ ಕರೆದಾಗಿತ್ತು, ಕೆಳಗಿನ ಮಹಡಿಯವರನ್ನೂ ಸೇರಿಸಿ. ನಾನು, ಹೊಗೆ ಮಷೀನು ಎರಡು ತರಿಸೋಣ ಎಂದೆ.