ತೋಟಾ ಆಯ್ಕೆ ಉಪಸಮಿತಿಯೂ ಒರೆಸದ ಕುಂಕುಮವೂ

ಡೆಟ್ರಾಯಿಟ್ ಸೀಮೆಯ ಹೊಂಗಿರಣ ಕನ್ನಡ ಕೂಟದ ನಿಯಮಾವಳಿಯ ಏಳನೇ ಕಲಮಿನ ಪ್ರಕಾರ, ಪ್ರತಿವರ್ಷ ಆಯುಧಪೂಜೆಯ ದಿನ ಕೂಟದ ಬಳಿ ಕನಿಷ್ಠ ಒಂದು ಆಯುಧ ಇರತಕ್ಕದ್ದು. 2009ರಲ್ಲಿ ಇರಲಿಲ್ಲ.

ಅದಕ್ಕೆ ಮೊದಲು ಈ ಕಲಮನ್ನು ಯಾರೂ ಓದಿರಲಿಲ್ಲ. ಸದಸ್ಯರ ಆಫೀಸಿನ ಲ್ಯಾಪ್‌ಟಾಪುಗಳೂ ಲೀಸಿನ ಕಾರುಗಳೂ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಸಾಲಾಗಿ ನಿಂತು ಪೂಜೆ ಮಾಡಿಸಿಕೊಳ್ಳುತ್ತಿದ್ದವು, ಕಾರುಗಳು ನಿಂಬೆಹಣ್ಣು ತುಳಿದು ಮನೆಗೆ ಹೋಗುತ್ತಿದ್ದವು. ಆ ವರ್ಷ ಕೆಲಸಗಳು ಹೋದವು. ಲ್ಯಾಪ್‌ಟಾಪುಗಳು ಕಂಪನಿಗೆ ವಾಪಸ್ಸಾದವು, ಅವುಗಳ ಹಿಂದೆಯೇ ಕಾರುಗಳು ಡೀಲರಿಗೆ. ಉಳಿದ ಒಂದೆರಡು ಕಾರುಗಳನ್ನು ಅವುಗಳ ಯಜಮಾನರೇ ಆಯುಧವೆಂದು ಒಪ್ಪಲಿಲ್ಲ.

ಕೂಟದ ಅಧ್ಯಕ್ಷ ಶಶಿಧರ ಅವರು ರಾಚೆಸ್ಟರ್ ಹಿಲ್ಸಿನಲ್ಲಿ ಕಾರಿನ ಬಿಡಿಭಾಗಗಳ ಗುಣಮಟ್ಟ ನೋಡುತ್ತಿದ್ದವರು. ಕೆಲಸ ಹೋದ ಮೇಲೆ ಕೂಟದ ಗುಣಮಟ್ಟ ನೋಡುತ್ತಿದ್ದರು. ಅವರು ಕಾಯ್ದೆಬದ್ಧವಾಗಿ, ತಮ್ಮದೇ ಹೆಸರಿನಲ್ಲಿ, ಒಂದು ಸೆಕೆಂಡ್ ಹ್ಯಾಂಡ್ ಸೆಮಿ ಆಟೊಮ್ಯಾಟಿಕ್ ರೈಫಲ್ ಖರೀದಿಸಿ ತಂದು, ಇದಕ್ಕಿಂತ ಸ್ಪಷ್ಟವಾದ ಆಯುಧ ಈ ಜಿಲ್ಲೆಯಲ್ಲಿ ಸಿಗಲಾರದು ಎಂದು ಘೋಷಿಸಿದರು. ಸದಸ್ಯರು ಚಪ್ಪಾಳೆ ತಟ್ಟಿದರು.

ಪೂಜೆ ಸಾಂಗವಾಗಿ ನಡೆಯಿತು. ರೈಫಲ್ಲಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದರು. ಅಕ್ಷತೆ ಎರಚಿದರು. ತೆಂಗಿನಕಾಯಿ ಒಡೆದು ನೀರನ್ನು ಮೇಲಿಂದ ಬಿಟ್ಟರು. ಖಾಲಿ ತೋಟಾ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಕವಚ, ಹೊರಬೀಳುವ ಕಿಂಡಿ ತೆರೆದೇ ಇದ್ದುದರಿಂದ ಮಂಗಳದ್ರವ್ಯಗಳು ಒಳಗೂ ಹೋದವು. ಹೊರಗಿನ ಪೂಜೆ ಎಲ್ಲರಿಗೂ ಸಿಗುತ್ತದೆ, ಒಳಗಿನ ಪೂಜೆ ಪುಣ್ಯವಂತರಿಗೆ ಮಾತ್ರ ಎಂದು ಪುರೋಹಿತರು ಹೇಳಿದರು. ಪೂಜೆಯ ಕುಂಕುಮವನ್ನು ಒರೆಸಬಾರದು, ತಾನಾಗಿ ಹೋಗಬೇಕು ಎಂಬುದು ಎಲ್ಲರಿಗೂ ತಿಳಿದದ್ದೇ. ಕಾರುಗಳ ವಿಷಯದಲ್ಲಿ ಅದು ಲೀಸು ಮುಗಿಯುವವರೆಗೆ ಇರುತ್ತಿತ್ತು.

ಇಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ಷಿಕಾಗೊ ಕಡೆಯ ಓಕ್ ಬ್ರೂಕಿನ ಮಂದಾರ ಕನ್ನಡ ಸಂಘಕ್ಕೆ ಸುದ್ದಿ ಮುಟ್ಟಿತು. ಈ ಎರಡು ಸಂಘಗಳ ನಡುವೆ ಪ್ರತಿವರ್ಷ ದೀಪಾವಳಿಗೆ ಮುಂಚೆ ಒಂದು ಸ್ಪರ್ಧೆ. ಸೋತವರು ಹಬ್ಬದ ಊಟಕ್ಕೆ ಎರಡೂ ಕಡೆಯವರಿಗೆ ಹೋಳಿಗೆ ಮಾಡಿ, ತಾವೇ ನಿಂತು ಬಡಿಸಬೇಕು. ಹಗ್ಗಜಗ್ಗಾಟ, ಅಂತ್ಯಾಕ್ಷರಿ, ಥ್ರೋಬಾಲ್, ಎಲ್ಲದರಲ್ಲೂ ಡೆಟ್ರಾಯಿಟ್ ಸೋಲುತ್ತಲೇ ಬಂದಿತ್ತು. ಮಂದಾರದ ಅಧ್ಯಕ್ಷ ಶಂಕರ್ ಫೋನ್ ಮಾಡಿ, ತಾವೂ ಒಂದು ಹೊಚ್ಚಹೊಸ ರೈಫಲ್ ತಂದು ಇನ್ನೂ ದೊಡ್ಡ ಪೂಜೆ ಮಾಡಿಸಿದ್ದಾಗಿಯೂ, ಈ ಸಲ ಗುರಿ ಹೊಡೆಯುವ ಸ್ಪರ್ಧೆ ಇಡೋಣವೆಂದೂ ಹೇಳಿದರು.

ಡೆಟ್ರಾಯಿಟ್ ಸೋಲುವುದು ಎಂದರೆ ನಿಜದಲ್ಲಿ ರುದ್ರಮ್ಮ ಸೋಲುವುದು. ಅವರು ಧಾರವಾಡದಿಂದ ಬಂದು ಸೌತ್‌ಫೀಲ್ಡಿನಲ್ಲಿ ಯಾರ ಹಂಗಿಲ್ಲದೆ ಅಡುಗೆ ವ್ಯಾಪಾರ ಕಟ್ಟಿದವರು. ಕೂಟ ಸೋತಾಗಲೆಲ್ಲ ಹೋಳಿಗೆಯ ಹೂರಣ ಅವರ ಅಡುಗೆಮನೆಯಲ್ಲೇ ರುಬ್ಬಿಸಿಕೊಳ್ಳುತ್ತಿತ್ತು. ಅಮೆರಿಕಕ್ಕೆ ಬಂದ ಮೇಲೆ ಅವರು ದೀಪಾವಳಿಯ ಊಟಕ್ಕೆ ಎಲೆಯ ಮುಂದೆ ಕೂತದ್ದೇ ಇಲ್ಲ. ಸಭೆಯಲ್ಲಿ ಅವರು ಎದ್ದು ನಿಂತರು.

“ನೋಡ್ರಿ ಅಧ್ಯಕ್ಷರ, ಈ ಸಲ ನಾ ಹೋಳಿಗಿ ಲಟ್ಟಸಂಗಿಲ್ಲ. ಎಲಿ ಮುಂದ ಕುಂದರಾಕಿ. ಬಿಸಿ ಹೋಳಿಗಿ ಮ್ಯಾಲೆ ತುಪ್ಪ ಬೇರೆಯವರು ಹಾಕಬೇಕು, ನಾ ಸಾಕು ಸಾಕು ಅನಬೇಕು. ಅದಕ್ಕ ಗುಂಡು ನಾನೇ ಹೊಡೀತೀನಿ. ರಟ್ಟಿ ಗಟ್ಟಿ ಅದ.”

ಲಟ್ಟಣಿಗೆ ಹಿಡಿದ ಕೈ ನಡುಗುವುದಿಲ್ಲ ಎಂಬ ಕಾರಣ ನಮೂದಿಸಿ ಸಭೆ ಒಪ್ಪಿತು. ಅಭ್ಯಾಸಕ್ಕೆ ಅಗ್ಗದ, ಭರವಸೆಯ ತೋಟಾಗಳು ಬೇಕಾದ್ದರಿಂದ, ಕೆಲಸವಿಲ್ಲದ ಇಂಜಿನಿಯರುಗಳನ್ನೆಲ್ಲ ಸೇರಿಸಿ ತೋಟಾ ಆಯ್ಕೆ ಉಪಸಮಿತಿ ರಚಿಸಲಾಯಿತು. ಸದಸ್ಯರ ಮುಖದಲ್ಲಿ ಬಹಳ ದಿನಗಳ ನಂತರ ಸೋಮವಾರದ ಕಳೆ ಬಂತು. ಒಬ್ಬರು ಟೈ ಕಟ್ಟಿಕೊಂಡೇ ಬಂದರು.

ಆ ವರ್ಷ ತೋಟಾಗಳಿಗೂ ಬರ. ಅಂಗಡಿಯವರು ಒಬ್ಬರಿಗೆ ಎರಡೇ ಪೆಟ್ಟಿಗೆ ಎಂದು ಬೋರ್ಡು ಹಾಕಿದ್ದರು. ಹಿಂದಿನ ವರ್ಷ ಸೋನಾಮಸೂರಿ ಅಕ್ಕಿಗೂ ಇದೇ ಗತಿಯಾಗಿದ್ದರಿಂದ ನಮ್ಮವರಿಗೆ ಅನುಭವವಿತ್ತು. ಗಂಡ ಒಂದು ಸಾಲಿನಲ್ಲಿ, ಹೆಂಡತಿ ಇನ್ನೊಂದು ಸಾಲಿನಲ್ಲಿ, ಒಬ್ಬರಿಗೊಬ್ಬರು ಪರಿಚಯವಿಲ್ಲದವರಂತೆ ನಿಂತು ತಂದರು.

ಮೊದಲು ತಂದದ್ದು ಅತಿ ಅಗ್ಗದ ಉಕ್ಕಿನ ಕವಚದ ತೋಟಾ. ರುದ್ರಮ್ಮ ಗುಂಡು ಹೊಡೆಯುವ ಅಭ್ಯಾಸದ ರೇಂಜಿನಲ್ಲಿ ನಿಂತು ರೈಫಲ್ಲಿನ ಕುದುರೆ ಎಳೆದರು. ಏನೂ ಆಗಲಿಲ್ಲ. ತೋಟಾ ಅರ್ಧ ದಾರಿಯಲ್ಲೇ ಸಿಕ್ಕಿಕೊಂಡಿತ್ತು. ಉಕ್ಕಿನ ತೋಟಾ ಅನರ್ಹ ಎಂದು ಬರೆದುಕೊಂಡು, ದುಬಾರಿಯ ಹಿತ್ತಾಳೆ ಕವಚದ್ದು ತಂದರು. ಅದೂ ಅಲ್ಲೇ ಸಿಕ್ಕಿಕೊಂಡಿತು, ಆದರೆ ಹೊಳೆಯುತ್ತಾ ಸಿಕ್ಕಿಕೊಂಡಿತು ಎಂದು ವರದಿಯಾಗಿದೆ.

ಆಗ ಒಬ್ಬರು, ಒಮ್ಮೆ ಹಾರಿಸಿದ ಕವಚಕ್ಕೆ ಮತ್ತೆ ಮದ್ದು ತುಂಬಿ ಮಾರುವ ತೋಟಾ ಬಹಳ ಸೋವಿ ಎಂದರು. ಕಾರ್ಯದರ್ಶಿ ಸುಹಾಸಿನಿ ಮೈಸೂರಿನವರು, ಮಡಿವಂತರ ಮನೆಯವರು. “ಅಲ್ಲ ಅಂಕಲ್, ಬೇರೆಯವರು ಹಾರಿಸಿ ಬಿಟ್ಟಿದ್ದು ಅಂದ್ರೆ ಎಂಜಲು ತಾನೆ? ಪೂಜೆ ಮಾಡಿರೋ ರೈಫಲ್‌ಗೆ ಎಂಜಲು ಹೇಗೆ ಹಾಕೋದು?” ಎಂದು ಕೇಳಿದರು. ಪ್ರಶ್ನೆ ಗಂಭೀರವಾದದ್ದರಿಂದ ಪುರೋಹಿತರಿಗೆ ಫೋನ್ ಮಾಡಲಾಯಿತು. ಅಗ್ನಿ ಮುಟ್ಟಿದ್ದಕ್ಕೆ ಎಂಜಲಿಲ್ಲ, ಅದು ಹೋಮದ ಪಾತ್ರೆಗೆ ಸಮ ಎಂದು ಅವರು ಅಪ್ಪಣೆ ಕೊಟ್ಟರು. ಮಡಿಯ ತೋಟಾ ಕೂಡ ಅಲ್ಲೇ ಸಿಕ್ಕಿಕೊಂಡಿತು.

ರೇಂಜಿನ ಮೇಲ್ವಿಚಾರಕ ದೊಡ್ಡ ಮೀಸೆಯ ಅಮೆರಿಕನ್. ಅವನು ರೈಫಲ್ಲನ್ನು ಬಿಚ್ಚಿ, ಟಾರ್ಚು ಬಿಟ್ಟು, ಚಿಮಟದಿಂದ ಒಂದು ಅಕ್ಕಿಕಾಳನ್ನು ಎತ್ತಿ ಹಿಡಿದು, ಇದು ಅಕ್ಕಿಯೇ ಎಂದು ಕೇಳಿದ. ಅಕ್ಕಿಯೇ, ಆದರೆ ಸಾಮಾನ್ಯ ಅಕ್ಕಿಯಲ್ಲ, ಆದ್ದರಿಂದ ಅದರಿಂದ ತೊಂದರೆ ಆಗುವ ಪ್ರಶ್ನೆಯೇ ಇಲ್ಲ ಎಂದು ಶಶಿಧರ ವಿವರಿಸಿದರು. ಒಳಗೆಲ್ಲ ಕೆಂಪು ಮೆತ್ತಿಕೊಂಡಿದೆ, ತೊಳೆದು ಎಣ್ಣೆ ಹಾಕಿ ಎಂದು ಅವನು ಹೇಳಿದ. ಅವನ ಧರ್ಮ ಅವನಿಗೆ ಎಂದು ಎಲ್ಲರೂ ಸೇರಿ ರೈಫಲ್ಲನ್ನು ಒರೆಸದೆ ಮತ್ತೆ ಜೋಡಿಸಿದರು.

ಮೂಲ ಕಾರಣ ಹುಡುಕಲು ಶಶಿಧರ ತಮ್ಮ ಕಾರ್ಖಾನೆಯ ಪದ್ಧತಿಯನ್ನೇ ತಂದರು. ಅಲ್ಲಿ ಏನು ಕೆಟ್ಟರೂ ಐದು ಸಲ ಯಾಕೆ ಎಂದು ಕೇಳಬೇಕು. ರೈಫಲ್ ಯಾಕೆ ಹಾರಲಿಲ್ಲ? ತೋಟಾ ಒಳಗೆ ಕೂರಲಿಲ್ಲ. ಯಾಕೆ? ಒಳಗೆ ಏನೋ ಇದೆ. ಯಾಕೆ? ಪೂಜೆ ಆಗಿದೆ. ಯಾಕೆ? ಏಳನೇ ಕಲಮು. ಏಳನೇ ಕಲಮು ಯಾಕೆ ಎಂದು ಕೇಳುವ ಅಧಿಕಾರ ವಾರ್ಷಿಕ ಮಹಾಸಭೆಗೆ ಮಾತ್ರ ಇದ್ದುದರಿಂದ, ಸಭೆ ಹಿಂದಕ್ಕೆ ನಡೆದು ಮೊದಲನೇ ಯಾಕೆಯಲ್ಲಿ ನಿಂತಿತು. ತಪ್ಪು ತೋಟಾದ್ದು.

“ನನ್ನ ಸರ್ವಿಸ್‌ನಲ್ಲಿ ನೋಡಿದೀನಿ,” ಎಂದರು ಶಶಿಧರ, “ತಪ್ಪು ಯಾವಾಗ್ಲೂ ಸಪ್ಲೈಯರ್‌ದೇ.”

“ಒಂದ್ ಅರಿವಿ ಕೊಡ್ರಿ, ನಾ ಒರಸ್ತೀನಿ,” ಎಂದರು ರುದ್ರಮ್ಮ.

“ಒರೆಸಿದ ಮೇಲೆ ಗೆದ್ರೆ ಸರಿ ಆಂಟಿ,” ಎಂದರು ಸುಹಾಸಿನಿ. “ಸೋತ್ರೆ, ಕುಂಕುಮ ಒರೆಸಿದ್ದಕ್ಕೇ ಸೋತ್ವಿ ಅಂತಾರೆ. ಹೋಳಿಗೆ ಜೊತೆ ಆ ಮಾತೂ ನಿಮ್ಮ ತಲೆಗೇ.”

ರುದ್ರಮ್ಮ ಕೈಗೆ ಬಂದಿದ್ದ ಬಟ್ಟೆಯನ್ನು ಮಡಿಸಿ ಇಟ್ಟುಬಿಟ್ಟರು. ಉಪಸಮಿತಿ ತನ್ನ ಅಂತಿಮ ಪ್ರಕಟಣೆ ಹೊರಡಿಸಿತು: “ಎಲ್ಲ ತೋಟಾಗಳೂ ಸಮಾನವಾಗಿ ಹಾರದಿರುವ ಕಾರಣ, ಭರವಸೆಯ ದೃಷ್ಟಿಯಿಂದ ಅವುಗಳಲ್ಲಿ ವ್ಯತ್ಯಾಸವಿಲ್ಲ. ಉಕ್ಕಿನ ತೋಟಾ ಬೆಲೆಯಲ್ಲಿ ಅಗ್ಗ. ಬಳಸಿದ ಮೇಲೂ ಪೂರ್ತಿ ಉಳಿಯುವುದರಿಂದ ಇನ್ನೂ ಅಗ್ಗ. ಆದ್ದರಿಂದ ಅದನ್ನೇ ಆಯ್ಕೆ ಮಾಡಲಾಗಿದೆ.” ಒಂದೇ ಪೆಟ್ಟಿಗೆಯಲ್ಲಿ ಸ್ಪರ್ಧೆಯವರೆಗಿನ ಅಭ್ಯಾಸವೆಲ್ಲ ಮುಗಿಯಿತು. ಇಷ್ಟು ಮಿತವ್ಯಯದ ಶೂಟಿಂಗ್ ತಂಡ ರಾಜ್ಯದಲ್ಲಿ ಇನ್ನೊಂದಿಲ್ಲ ಎಂದು ಖಜಾಂಚಿ ಕಣ್ಣೊರೆಸಿಕೊಂಡರು.

ಸ್ಪರ್ಧೆ ಎರಡೂ ಊರುಗಳ ನಡುದಾರಿಯ ಒಂದು ರೇಂಜಿನಲ್ಲಿ ನಡೆಯಿತು. ರುದ್ರಮ್ಮ ಸೀರೆಯ ಮೇಲೆ ಜಾಕೆಟ್ ಹಾಕಿ, ಕಿವಿಗೆ ದೊಡ್ಡ ಮುಚ್ಚಳ ಇಟ್ಟು, ಉಸಿರು ಬಿಗಿಹಿಡಿದು ಕುದುರೆ ಎಳೆದರು. ಅಭ್ಯಾಸದಲ್ಲಿ ಹೇಗೋ ಹಾಗೆಯೇ ಆಯಿತು. ನಿಗದಿತ ಸುತ್ತುಗಳು ಮುಗಿದವು. ಸೊನ್ನೆ. ಅವರು ರೈಫಲ್ ಇಳಿಸಿ, ಮನಸ್ಸಿನಲ್ಲೇ ಕಡಲೆಬೇಳೆ ನೆನೆಹಾಕಿದರು ಎಂದು ಪಕ್ಕದಲ್ಲಿದ್ದವರು ಹೇಳುತ್ತಾರೆ.

ಆಮೇಲೆ ಶಂಕರ್ ಸರದಿ. ಅವರ ರೈಫಲ್ಲಿಗೆ ಪಂಚಾಮೃತದ ಪೂಜೆಯಾಗಿತ್ತು. ಜೇನುತುಪ್ಪ ತನ್ನ ಕೆಲಸ ಮಾಡಿತ್ತು. ಅದೂ ಸಿಕ್ಕಿಕೊಂಡಿತು, ಮತ್ತೂ ಸಿಕ್ಕಿಕೊಂಡಿತು. ಕೊನೆಯ ಸುತ್ತಿನಲ್ಲಿ ಮಾತ್ರ, ಯಾರೂ ನಿರೀಕ್ಷಿಸದಿದ್ದಾಗ, ಢಮ್ ಎಂದು ಒಂದು ಗುಂಡು ಹಾರಿ ಪಕ್ಕದ ಸಾಲಿನ ಗುರಿಹಲಗೆಗೆ ಹೋಗಿ ನಾಟಿತು. ಅಲ್ಲಿ ಅಭ್ಯಾಸ ಮಾಡುತ್ತಿದ್ದ ಅಪರಿಚಿತನು ತನ್ನ ಗುರಿ ಇಷ್ಟು ಸುಧಾರಿಸಿದ್ದನ್ನು ನೋಡಿ ಸಂತೋಷಪಟ್ಟನು.

ಫಲಿತಾಂಶಕ್ಕಾಗಿ ಎರಡೂ ಅಧ್ಯಕ್ಷರು ಜಂಟಿ ನಿಯಮಾವಳಿ ತೆರೆದರು. ಆರ್ಥಿಕ ಹಿಂಜರಿತದ ನಿಮಿತ್ತ ಆ ವರ್ಷವಷ್ಟೇ ಅದಕ್ಕೊಂದು ಕಲಮು ಸೇರಿತ್ತು, ಶಂಕರ್ ಅವರೇ ಸೂಚಿಸಿದ್ದು: ಸಂಘದ ಸ್ವತ್ತನ್ನು ಫಲವಿಲ್ಲದೆ ವ್ಯಯಿಸಿದ ತಂಡಕ್ಕೆ ಒಂದು ಅಂಕ ಕಡಿತ. ಓಕ್ ಬ್ರೂಕ್ ಒಂದು ತೋಟಾ ವ್ಯಯಿಸಿತ್ತು. ಡೆಟ್ರಾಯಿಟ್ ಏನನ್ನೂ ವ್ಯಯಿಸಿರಲಿಲ್ಲ. ಸೊನ್ನೆಗಿಂತ ಒಂದು ಕಡಿಮೆ ಎಂಬುದು ಸೊನ್ನೆಗಿಂತ ಕಡಿಮೆಯೇ ಎಂದು ಇಂಜಿನಿಯರುಗಳು ಬಹುಮತದಿಂದ ತೀರ್ಮಾನಿಸಿದರು. ಶಂಕರ್ ಸಂತೋಷದಿಂದ ಕೈಕುಲುಕಿ, ನ್ಯಾಯವಾದ ಸೋಲು ಎಂದರು.

ದೀಪಾವಳಿಯ ದಿನ ರುದ್ರಮ್ಮ ಇಳಕಲ್ ಸೀರೆ ಉಟ್ಟು ಮೊದಲ ಪಂಕ್ತಿಯ ಮೊದಲ ಎಲೆಯ ಮುಂದೆ ಕೂತರು. ಓಕ್ ಬ್ರೂಕಿನವರ ಹೋಳಿಗೆ ದಪ್ಪಗಿತ್ತು, ಒಂದು ಕಡೆ ಸೀದಿತ್ತು, ಹೂರಣ ಹೊರಗೆ ಬಂದಿತ್ತು. ಶಂಕರ್ ತುಪ್ಪದ ಪಾತ್ರೆ ಹಿಡಿದು ಬಗ್ಗಿ, ಹೇಗಿದೆ ಅಮ್ಮ ಎಂದು ಕೇಳಿದರು. ರುದ್ರಮ್ಮ ಬಹಳ ಹೊತ್ತು ಅಗಿದರು.

“ಹೋಳಿಗಿ ಅಂತ ನೀವು ಹೇಳಿದ್ದಕ್ಕ ಗೊತ್ತಾತು,” ಎಂದರು. “ಇನ್ನೊಂದ್ ಹಾಕ್ರಿ.”

ಸಾಕು ಎಂದು ಅವರು ಕೊನೆಯವರೆಗೂ ಅನ್ನಲಿಲ್ಲ.

ನಂತರದ ಮಹಾಸಭೆಯಲ್ಲಿ ಏಳನೇ ಕಲಮು ಯಾಕೆ ಎಂದು ಯಾರೂ ಕೇಳಲಿಲ್ಲ. ಮುಂದಿನ ವರ್ಷ ಹಲವರಿಗೆ ಕೆಲಸ ಸಿಕ್ಕಿತು, ಲ್ಯಾಪ್‌ಟಾಪುಗಳು ಬಂದವು, ಕಾರುಗಳೂ ಬಂದವು. ಆದರೂ ರೈಫಲ್ಲಿಗೇ ಅಗ್ರಪೂಜೆ, ಸ್ಪರ್ಧೆಯೂ ಮತ್ತೆ ಗುರಿ ಹೊಡೆಯುವುದೇ ಎಂದು ನಿರ್ಣಯವಾಯಿತು. ಪೂಜೆಯನ್ನು ತಾವೇ ವಹಿಸಿಕೊಳ್ಳುವುದಾಗಿ ರುದ್ರಮ್ಮ ಮುಂದೆ ಬಂದರು. ಕಿಂಡಿಯನ್ನು ಪೂರ್ತಿ ತೆರೆದು, ಅಕ್ಷತೆಯನ್ನು ಎರಡು ಮುಷ್ಟಿ ಹಾಕಿ, ಕಾಯಿನೀರು ಸಾಲದೆಂದು ಮನೆಯಿಂದ ತಂದಿದ್ದ ಬೆಲ್ಲದ ಪಾಕವನ್ನೂ ನಿಧಾನವಾಗಿ ಒಳಗೆ ಬಿಟ್ಟರು.

ಇಷ್ಟು ಶ್ರದ್ಧೆಯ ಪೂಜೆಯನ್ನು ಈ ದೇಶದಲ್ಲಿ ಕಂಡಿರಲಿಲ್ಲ ಎಂದು ಪುರೋಹಿತರು ಹೇಳಿದರು.